ಸುಲೋಚನಾಬಾಯಿಯ ಮಡಿ ಕಾಲುಚೀಲ

ವಿಶಾಖಪಟ್ಟಣದ ಕನ್ನಡ ಮನೆಗಳಲ್ಲಿ ಸುಲೋಚನಾಬಾಯಿಯವರ ಕೈಯಡುಗೆ ಉಣ್ಣದವರು ಇರಲಿಲ್ಲ. ಅವರು ಕೂತದ್ದನ್ನು ಕಂಡವರೂ ಇರಲಿಲ್ಲ. ಒಲೆಯ ಮುಂದೆ ನಿಂತಿರುತ್ತಿದ್ದರು, ಪಂಕ್ತಿಯ ಮುಂದೆ ನಿಂತಿರುತ್ತಿದ್ದರು, ಉಂಡವರನ್ನು ಕಳಿಸಲು ಬಾಗಿಲ ತನಕ ಬಂದು ಅಲ್ಲೂ ಮುಕ್ಕಾಲು ತಾಸು ನಿಂತು ಮಾತಾಡುತ್ತಿದ್ದರು. ತಮ್ಮ ಊಟಕ್ಕೆ ಕೂರುತ್ತಿದ್ದದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಉಂಡವರೆಲ್ಲ ಅಡ್ಡಾಗಿ ಗೊರಕೆ ಹೊಡೆಯುತ್ತಿದ್ದರಿಂದ ಅದಕ್ಕೆ ಸಾಕ್ಷಿ ಸಿಗುತ್ತಿರಲಿಲ್ಲ.

ಬಾಯಿ ಧಾರವಾಡದವರು. ಗಂಡ ಶೇಷಗಿರಿರಾಯರು ಬ್ಯಾಂಕಿನ ಅಧಿಕಾರಿ. ಎಂಬತ್ತರ ದಶಕದಲ್ಲಿ ಮೂರೇ ವರ್ಷಕ್ಕೆಂದು ವರ್ಗವಾಗಿ ಬಂದವರು, ಸಮುದ್ರದ ಗಾಳಿ ಒಗ್ಗಿತೋ, ಮೇಲಿನವರು ಮರೆತೇಬಿಟ್ಟರೋ, ಸೀತಮ್ಮಧಾರದಲ್ಲಿ ಮನೆ ಕಟ್ಟಿ ಅಲ್ಲೇ ನಿವೃತ್ತರೂ ಆದರು. ಮಕ್ಕಳಾಗಲಿಲ್ಲ. ಅದಕ್ಕಾಗಿ ಬಾಯಿ ನಾಲ್ಕು ವರ್ಷ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಊರಿನವರನ್ನೆಲ್ಲ ಸಾಕಲು ಶುರು ಮಾಡಿದರು. ಪರವಾಡದ ಔಷಧ ಕಾರ್ಖಾನೆಗೆ ಬಂದ ಹುಬ್ಬಳ್ಳಿಯ ಹುಡುಗರಿಗೆ ಜ್ವರ ಬಂದರೆ ಗಂಜಿ, ಯಾರದೋ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೆ ಸಪಾದದ ಪ್ರಸಾದ, ಇನ್ನಾರದೋ ಮನೆಯಲ್ಲಿ ಶ್ರಾದ್ಧವಾದರೆ ಇಡೀ ಅಡುಗೆ. ಕರೆದರೆ ಹೋಗುವರು, ಕರೆಯದಿದ್ದರೆ ‘ಯಾಕ ಕರೀಲಿಲ್ಲ?’ ಎಂದು ಕೇಳಲು ಹೋಗುವರು.

ಎಲ್ಲವೂ ಮಡಿಯಲ್ಲಿ. ಮಡಿಯೆಂದರೆ ಅರ್ಧಂಬರ್ಧ ಮಡಿಯಲ್ಲ. ಹಿಂದಿನ ದಿನ ಒಗೆದು, ಯಾರೂ ಮುಟ್ಟದಂತೆ ಗಳದ ಮೇಲೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆ ಮುಗಿಯಿತು, ಅಡುಗೆಯೆಲ್ಲ ಆಗಿ ನೈವೇದ್ಯವಾಗಿ ಕೊನೆಯ ಪಂಕ್ತಿ ಏಳುವವರೆಗೆ ಯಾರೂ ಅವರನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಸೀರೆ, ಮತ್ತೆ ಮೊದಲಿನಿಂದ ಒಲೆ. ಈ ಕಟ್ಟಳೆ ರಾಯರ ತಾಯಿಯಿಂದ ಬಂದದ್ದು. ತಾಯಿ ಹೋದ ಮೇಲೆ ರಾಯರು ಅದನ್ನು ಬ್ಯಾಂಕಿನ ಸುತ್ತೋಲೆಯ ಹಾಗೆ ಚಾಚೂ ತಪ್ಪದೆ ಜಾರಿಯಲ್ಲಿಟ್ಟರು. ಬಾಯಿಗೂ ಅದರಲ್ಲಿ ಹೆಮ್ಮೆಯೇ ಇತ್ತು.

ಇಷ್ಟು ವರ್ಷ ನಿಂತ ಕಾಲು ಸುಮ್ಮನಿರುತ್ತದೆಯೆ? ನಲವತ್ತು ದಾಟುತ್ತಿದ್ದಂತೆ ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಹಾಗಲಬಳ್ಳಿಯಂತೆ ಹಬ್ಬಿದವು. ಐವತ್ತಕ್ಕೆ ಅವು ಗಂಟುಗಂಟಾಗಿ ಉಬ್ಬಿದವು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು. ಬಾಯಿ ಅವಕ್ಕೆ ಹೆಸರಿಟ್ಟರು. ಮೊಣಕಾಲ ಕೆಳಗಿನ ದಪ್ಪನೆಯದು ಕೃಷ್ಣಾ, ಅದನ್ನು ಕೂಡಿಕೊಳ್ಳುವುದು ತುಂಗಭದ್ರಾ, ಹಿಮ್ಮಡಿಯ ಬಳಿ ಸೊರಗಿ ಹರಿಯುವುದು ಮಲಪ್ರಭಾ. ನೆರೆಮನೆಯ ಮಕ್ಕಳಿಗೆ ಭೂಗೋಳದ ಪರೀಕ್ಷೆಯಿದ್ದರೆ ಸೀರೆಯಂಚನ್ನು ಒಂದು ಗೇಣು ಎತ್ತಿ ಪಾಠ ಹೇಳಿಕೊಡುವಷ್ಟು ಉದಾರಿ.

2006ರ ಬೇಸಿಗೆಯಲ್ಲಿ ಕೃಷ್ಣಾ ನದಿಗೆ ಪ್ರವಾಹ ಬಂತು. ಕಾಲು ಸಂಜೆಯಾದರೆ ಬಾತು, ಕಾಲುಂಗುರ ಹೂತುಹೋಗತೊಡಗಿತು. ರಾಯರು ಬೈದು ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವೈದ್ಯರು ವಯಸ್ಸಾದವರು, ತಾಳ್ಮೆಯವರು. ಕಾಲನ್ನು ನೋಡಿ, ಒತ್ತಿ, ಇಂಗ್ಲಿಷಿನಲ್ಲಿ ವಿವರಿಸಿದರು. ನರದೊಳಗಿನ ಬಾಗಿಲುಗಳು ಸಡಿಲವಾಗಿವೆ, ಮೇಲೇರಬೇಕಾದ ರಕ್ತ ಕೆಳಗೇ ನಿಲ್ಲುತ್ತಿದೆ. ನಿಂತ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಚೂರು ಕಿತ್ತು ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಕುತ್ತು. ಆದ್ದರಿಂದ ನಿಂತಲ್ಲೇ ನಿಲ್ಲಬಾರದು, ಕೂತಲ್ಲೇ ಕೂರಬಾರದು, ನೀರು ಚೆನ್ನಾಗಿ ಕುಡಿಯಬೇಕು, ಹಗಲೆಲ್ಲ ಬಿಗಿ ಕಾಲುಚೀಲ ಹಾಕಬೇಕು.

“ದಿನಾ ಮಸರಿಗೆ ಹೆಪ್ಪು ಹಾಕಾಕಿ ನಾನು. ನನಗ ಯಾರು ಹೆಪ್ಪು ಹಾಕ್ತಾರ?” ಎಂದು ಬಾಯಿ ಕಿಲಕಿಲ ನಕ್ಕರು. ವೈದ್ಯರು ನಗಲಿಲ್ಲ. ರಾಯರು ನಕ್ಕಂತೆ ಮಾಡಿ ಕಾಲುಚೀಲ ಕೊಳ್ಳಲು ಹೋದರು.

ಕಾಲುಚೀಲ ಮನೆಗೆ ಬಂದ ದಿನ ದೊಡ್ಡ ಚರ್ಚೆಯೇ ಆಯಿತು. ಅದು ಮೈಬಣ್ಣದ್ದು, ತೊಡೆಯವರೆಗೆ ಬರುವಂಥದ್ದು, ರಬ್ಬರು ನೈಲಾನು ಸೇರಿಸಿ ನೇಯ್ದದ್ದು. ಏರಿಸಲು ಇಬ್ಬರ ಬಲ ಬೇಕು. ಅದಿರಲಿ, ಪ್ರಶ್ನೆ ಬೇರೆಯೇ ಇತ್ತು.

“ಇದು ಮಡಿಗೆ ನಡೀತದೇನ್ರೀ?” ಎಂದು ಬಾಯಿ ಕೇಳಿದರು.

ರಾಯರು ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. “ರಬ್ಬರ್ ಅದ. ಯಾವ ಕಾರ್ಖಾನ್ಯಾಗ ಯಾರ‍್ಯಾರು ಮುಟ್ಟ್ಯಾರೋ. ನಡ್ಯಂಗಿಲ್ಲ.”

“ದಿನಾ ಒಗದು ಮಡಿಗೆ ಒಣಗ ಹಾಕಿದ್ರ?”

ಹಾಗೂ ಮಾಡಿ ನೋಡಿದರು. ವಿಶಾಖಪಟ್ಟಣದ ಉಪ್ಪುಗಾಳಿಯಲ್ಲಿ ಆ ಚೀಲ ಎರಡು ದಿನವಾದರೂ ಒಣಗಲಿಲ್ಲ. ಗಳದ ಮೇಲೆ ಒಂಟಿ ಕಾಲಿನಂತೆ ನೇತಾಡುತ್ತ, ಹಾಲಿನವಳು ಬೆಳಗಿನ ಜಾವ ಕಿಟಕಿಯಿಂದ ಕಂಡು ಕಿಟಾರನೆ ಕಿರುಚುವಂತೆ ಮಾಡಿದ್ದಷ್ಟೇ ಲಾಭ. ಮೂರನೆಯ ದಿನ ಬಾಯಿ ಅದನ್ನು ಮಡಿಸಿ ಟ್ರಂಕಿಗೆ ಸೇರಿಸಿದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಡಿಯೂ ಉಳಿಯಬೇಕು, ಕಾಲೂ ಉಳಿಯಬೇಕು. ಒಂದು ಏಕಾದಶಿಯ ದಿನ, ಹೊಟ್ಟೆ ಖಾಲಿಯಿದ್ದು ತಲೆ ಚುರುಕಾಗಿದ್ದಾಗ, ಬಾಯಿಗೆ ಹೊಳೆಯಿತು. ರೇಷ್ಮೆಗೆ ಮೈಲಿಗೆ ಅಂಟುವುದಿಲ್ಲವೆಂದು ಹಿರಿಯರು ಬಹಳ ಅನುಕೂಲಕ್ಕೆ ಹೇಳಿಟ್ಟಿದ್ದಾರೆ. ರೇಷ್ಮೆಯ ಕಾಲುಚೀಲ ಹೊಲಿಸಿದರೆ ಬೇಡವೆನ್ನುವವರು ಯಾರು?

ಮದುವೆಯಲ್ಲಿ ಬಂದಿದ್ದ ಹಳೆಯ ಇಳಕಲ್ಲಿನ ಅಪ್ಪಟ ರೇಷ್ಮೆ ಸೆರಗನ್ನು ಕತ್ತರಿಸಿಕೊಂಡು ಬಾಯಿ ಹಿಂದಿನ ಬೀದಿಯ ಕನಕದುರ್ಗಳ ಬಳಿಗೆ ಓಡಿದರು. ಕನಕದುರ್ಗ ರವಿಕೆ ಹೊಲಿಯುವವಳು, ಒಳ್ಳೆಯ ಕಸುಬುದಾರಳು.

“ಇದೇಂಟಿ ಆಂಟೀ, ದೇವುಡಿ ಕಾಲಿಕಾ?” ಎಂದಳು ಅವಳು, ಕೆಂಪು ಸೆರಗನ್ನು ತಿರುಗಿಸಿ ಮುರುಗಿಸಿ.

ದೇವರ ಕಾಲಿಗಲ್ಲ, ತನ್ನದೇ ಕಾಲಿಗೆ ಎಂದು ಬಾಯಿ ಧಾರವಾಡದ ತೆಲುಗಿನಲ್ಲಿ ವಿವರಿಸಿದರು. ಕನಕದುರ್ಗ ನಗುತ್ತ ನಗುತ್ತ ಅಳತೆ ತೆಗೆದಳು. ರೇಷ್ಮೆ ರಬ್ಬರಿನಂತೆ ಹಿಗ್ಗುವುದಿಲ್ಲವಲ್ಲ, ಅದು ಜಾರದೆ ನಿಲ್ಲಬೇಕಲ್ಲ, ಅದಕ್ಕೆ ಮೊಣಕಾಲ ಕೆಳಗೆ ಲಂಗಕ್ಕೆ ಹಾಕುವಂಥ ಲಾಡಿ ಹಾಕಿಕೊಟ್ಟಳು. ಅದೂ ರೇಷ್ಮೆಯ ಲಾಡಿಯೇ. ಅಂಚಿನಲ್ಲಿ ಇಳಕಲ್ಲಿನ ತೋಪುತೆನೆ ಚಿತ್ತಾರ ಹಾಗೇ ಉಳಿದಿತ್ತು.

ಕಾಲುಚೀಲ ಊರಿಗೆಲ್ಲ ಸುದ್ದಿಯಾಯಿತು. ನೋಡಲು ಬಂದವರಿಗೆ ಚಹಾ ಸಿಕ್ಕಿತು. ರಾಯರು ಕೂಡ, “ಇದಕ್ಕ ತಲಿ ಅಂತಾರ” ಎಂದು ಒಪ್ಪಿಗೆಯ ಮುದ್ರೆ ಒತ್ತಿದರು. ಚೀಲ ಬಿಗಿಯಾಗಿರಬೇಕೆಂದು ವೈದ್ಯರು ಹೇಳಿದ್ದರಲ್ಲ, ಬಾಯಿ ಲಾಡಿಯನ್ನು ಜಗ್ಗಿ ಜಗ್ಗಿ ಕಟ್ಟಿದರು. ಕಾಲು ಇನ್ನಷ್ಟು ಬಾತರೆ ಇನ್ನಷ್ಟು ಬಿಗಿದರು. ಹಿಮ್ಮಡಿಯಿಂದ ಮೇಲಕ್ಕೆ ಹದವಾಗಿ ಒತ್ತಬೇಕಾದ ಚೀಲ ಮೊಣಕಾಲ ಕೆಳಗೊಂದು ಕಟ್ಟೆ ಕಟ್ಟಿಬಿಟ್ಟಿದೆ ಎಂದು ಆ ಮನೆಯಲ್ಲಿ ಯಾರಿಗೂ ತೋಚಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಎಂದರೆ ಇದೇ.

ಶ್ರಾವಣ ಬಂತು. ವಿಜಯವಾಡದಿಂದ ಕೃಷ್ಣಪ್ರಸಾದನ ಫೋನು ಬಂತು. ಅವನು ರಾಯರ ಕೈಕೆಳಗೆ ಗುಮಾಸ್ತನಾಗಿದ್ದವನು, ಈಗ ವಿಜಯವಾಡದಲ್ಲಿ ಕನ್ನಡದವರ ಕೂಟ ಕಟ್ಟಿದ್ದ. ಗವರ್ನರ್‌ಪೇಟೆಯ ಒಂದು ಛತ್ರದಲ್ಲಿ ಮೊದಲ ಬಾರಿಗೆ ರಾಘವೇಂದ್ರಸ್ವಾಮಿಗಳ ಆರಾಧನೆ, ಮೂರು ದಿನ, ದಿನಕ್ಕೆ ಇನ್ನೂರು ಎಲೆ. “ಅಡುಗೆಗೆ ನೀವs ಬರಬೇಕು ಅಕ್ಕಾರ” ಎಂದ.

ಬಾಯಿಯವರ ಕಾಲು ನೆಲಕ್ಕೆ ಹತ್ತಲಿಲ್ಲ. ಇನ್ನೂರು ಎಲೆ! ಇಲ್ಲಿಯವರೆಗೆ ಅವರ ದಾಖಲೆ ಎಂಬತ್ತು. ರಾಯರು ಕಾಲಿನ ಮಾತೆತ್ತಿದಾಗ, “ಕಾಲಿಗೆ ಚೀಲ ಹಾಕೇನಲ್ರೀ, ಇನ್ನೇನ್ ಅದಕ್ಕ ಕಿರೀಟ ಇಡಬೇಕೇನು?” ಎಂದು ಬಾಯಿ ಮುಚ್ಚಿಸಿದರು.

ಮಧ್ಯಾಹ್ನದ ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟರು. ಆರು ತಾಸಿನ ದಾರಿ. ಕಿಟಕಿಯ ಬಳಿ ಕಾಲ ಮೇಲೆ ಸಾರಿನ ಪುಡಿಯ ಡಬ್ಬಿ, ಕಾಲ ಕೆಳಗೆ ತುಪ್ಪದ ಡಬ್ಬಿ, ಎರಡೂ ಮಡಿಯವು, ಹಾಗಾಗಿ ಅಲ್ಲಾಡುವಂತಿಲ್ಲ. ರೈಲಿನ ನೀರು ಮಡಿಗೆ ನಡೆಯುವುದಿಲ್ಲ, ರೈಲಿನ ಬಚ್ಚಲಂತೂ ದೂರವೇ ಉಳಿಯಿತು. ಹೀಗಾಗಿ ಬಾಯಿ ಒಂದು ಗುಟುಕನ್ನೂ ಕುಡಿಯದೆ, ಒಮ್ಮೆಯೂ ಏಳದೆ, ಅನಕಾಪಲ್ಲಿಯಿಂದ ಏಲೂರಿನವರೆಗೆ ಎದುರಿನ ಸೀಟಿನ ನವದಂಪತಿಗಳಿಗೆ ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡುವ ಬಗೆಯನ್ನು ಹೇಳಿಕೊಟ್ಟರು. ಬಾಯಿಯವರ ಜೀವಮಾನದಲ್ಲಿ ಅಷ್ಟು ದೀರ್ಘವಾಗಿ ಕೂತದ್ದು ಅದೇ ಮೊದಲು. ಕೂರದವರು ಕೂತರೆ ಹೀಗೇ ಆಗುತ್ತದೇನೋ. ಇಳಿಯುವಾಗ ಎಡಗಾಲು ಮರದ ಕೊರಡಾಗಿತ್ತು, ಮೀನಖಂಡದಲ್ಲಿ ಒಂದು ಬಗೆಯ ಕುದಿಯುವ ನೋವು.

“ಕಾಲು ಹಿಡದದೇನು?” ಎಂದು ರಾಯರು ಕೇಳಿದರು.

“ಜೋಮು ಹಿಡದದ. ಒಲಿ ಮುಂದ ನಿಂತ್ರ ಬಿಡತದ.”

ಮೊದಲ ದಿನ ಗೆದ್ದರು. ಇನ್ನೂರೈದು ಎಲೆ. ಎರಡನೆಯ ದಿನ, ಮಧ್ಯಾರಾಧನೆ, ಮುಖ್ಯ ದಿನ, ಬೆಳಗಿನ ನಾಲ್ಕಕ್ಕೇ ಎದ್ದು ಲಾಡಿ ಬಿಗಿದು ಅಡುಗೆಮನೆಗೆ ಇಳಿದರು. ಎಡಗಾಲು ಬಲಗಾಲಿನ ಒಂದೂವರೆಯಷ್ಟಾಗಿತ್ತು. ಏಳಕ್ಕೆ ಎಡಪಕ್ಕೆಯಲ್ಲಿ ಚುಚ್ಚಿದಂತಾಯಿತು. ವಾಯು ಎಂದುಕೊಂಡು ಓಮ ಅಗಿದರು. ಹತ್ತಕ್ಕೆ ಕಡಾಯಿಯಿಂದ ಒಲೆಯವರೆಗೆ ನಾಲ್ಕು ಹೆಜ್ಜೆ ಹಾಕುವುದರಲ್ಲಿ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಮೆಟ್ಟಿಲೆಲ್ಲ ಹತ್ತಿ ಬಂದಂತೆ ಏದುಸಿರು ಬಂತು. ಹೊಗೆ ಎಂದುಕೊಂಡರು. ಮನುಷ್ಯನಿಗೆ ಬೇಕೆಂದರೆ ಕಾರಣಗಳಿಗೇನು ಬರ!

ನೈವೇದ್ಯವಾಗಿ ಮೊದಲ ಪಂಕ್ತಿ ಕೂತಿತು. ಊರಿನ ಒಂದು ಆಸ್ಪತ್ರೆಯಲ್ಲಿ ತರಬೇತಿಗೆ ಬಂದಿದ್ದ ಅಪೂರ್ವ ಎಂಬ ಮೈಸೂರಿನ ಹುಡುಗಿ ಆ ಪಂಕ್ತಿಯಲ್ಲಿದ್ದಳು. ಡಾಕ್ಟರಿಕೆ ಮುಗಿಸಿ ಒಂದು ವರ್ಷವಾಗಿತ್ತು, ಹಾಸ್ಟೆಲಿನ ಕೆಂಪು ಪಚ್ಚಡಿ ತಿಂದು ತಿಂದು ನಾಲಗೆ ಸುಟ್ಟುಹೋಗಿತ್ತು. ಕನ್ನಡದವರ ಊಟವೆಂದು ಕೇಳಿ ಓಡಿ ಬಂದವಳು. ಹಯಗ್ರೀವವನ್ನು ಮೂರು ಸಲ ಹಾಕಿಸಿಕೊಂಡಳು. ನಾಲ್ಕನೆಯ ಸಲ ಬಡಿಸುವವರು ಕಣ್ಣು ತಪ್ಪಿಸಿದ್ದರಿಂದ ಎಲೆಯನ್ನು ಬಿಟ್ಟೆದ್ದು, ಎಂಜಲು ಕೈಯನ್ನು ಹಿಂದೆ ಮರೆಸಿಕೊಂಡು, ಅಡುಗೆಮನೆಯ ಬಾಗಿಲಿಗೆ ಬಂದಳು. ಅಲ್ಲಿ ಅಡ್ಡಕ್ಕೊಂದು ರಂಗೋಲಿಯ ಗೆರೆ. ಒಳಗೆ ಮಡಿ, ಹೊರಗೆ ಜಗತ್ತು.

“ಆಂಟಿ, ಇನ್ನೊಂದ್ ಚೂರು ಹಯಗ್ರೀವ ಸಿಗುತ್ತಾ?”

“ಬಾ ನನ್ನವ್ವಾ, ಯಾಕ ಸಿಗಂಗಿಲ್ಲ?” ಎಂದು ಬಾಯಿ ಅರಳಿದರು. “ನಮ್ಮ ಅತ್ತೀಯವರು ಇದನ್ನ ಮಾಡೂವಾಗ... ಬ್ಯಾಳಿ... ಹಿಂಗ...”

ಮಾತು ಅಲ್ಲೇ ನಿಂತಿತು. ಬಾಯಿ ಉಸಿರಿಗಾಗಿ ಬಾಯಿ ತೆರೆದರು. ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ಅಪೂರ್ವಳ ಕಣ್ಣು ಹಯಗ್ರೀವದಿಂದ ಬಾಯಿಯವರ ತುಟಿಗೆ, ತುಟಿಯಿಂದ ಕಾಲಿಗೆ ಇಳಿಯಿತು. ಮೇಲೆತ್ತಿ ಸಿಕ್ಕಿಸಿದ ಸೀರೆಯ ಕೆಳಗೆ ಕೆಂಪು ರೇಷ್ಮೆಯ ಲಾಡಿ, ಅದರ ಮೇಲೆ ಹೊಳೆಯುವಂತೆ ಬಾತ ಚರ್ಮ, ಕೆಳಗೆ ಬಿರಿಯುವಂತಿದ್ದ ಚೀಲ.

“ಆಂಟಿ, ನಾನು ಡಾಕ್ಟ್ರು. ಸ್ವಲ್ಪ ಕಾಲು ನೋಡ್ಬೇಕು” ಎನ್ನುತ್ತ ಅವಳು ಗೆರೆ ದಾಟಿದಳು.

ಬಾಯಿ ಬೆಚ್ಚಿಬಿದ್ದರು. “ಮುಟ್ಟಬ್ಯಾಡವ್ವಾ! ಎರಡನೇ ಪಂಕ್ತಿ... ಇನ್ನೂ... ಅದ!” ಎಂದು ಸೌಟೆತ್ತಿಕೊಂಡು ಅನ್ನದ ಕಡಾಯಿಯ ಆಚೆಗೆ ಸರಿದರು. ಡಾಕ್ಟರು ಬಲಕ್ಕೆ ಬಂದರೆ ಬಾಯಿ ಎಡಕ್ಕೆ, ಡಾಕ್ಟರು ಎಡಕ್ಕೆ ಬಂದರೆ ಬಾಯಿ ಬಲಕ್ಕೆ. ಕಡಾಯಿಯ ಸುತ್ತ ಒಂದೂವರೆ ಪ್ರದಕ್ಷಿಣೆಯಾಯಿತು. ಪಂಕ್ತಿಯಲ್ಲಿದ್ದವರು ತುತ್ತನ್ನು ಕೈಯಲ್ಲೇ ಹಿಡಿದು ನೋಡಿದರು. ಎಂಜಲು ಕೈಯವಳು ಮಡಿಯವರನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಆರಾಧನೆಗಳ ಚರಿತ್ರೆಯಲ್ಲೇ ಇಲ್ಲ.

ಇದ್ದಕ್ಕಿದ್ದಂತೆ ಸುಲೋಚನಾಬಾಯಿ ಬೋರಲು ಹಾಕಿದ್ದ ಕೊಳಗದ ಮೇಲೆ ಕೂತುಬಿಟ್ಟರು.

ಆರಾಧನೆಗೆಂದು ವಿಶಾಖಪಟ್ಟಣದಿಂದ ಬಂದಿದ್ದವರು ಎಲೆ ಬಿಟ್ಟು ಎದ್ದುಬಿಟ್ಟರು. ಕಡಾಯಿಯ ಅನ್ನ ಸೀದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಹಿರಿಯಾಕೆಯೊಬ್ಬರು ಒಗ್ಗರಣೆಯ ಸೌಟಿನಲ್ಲಿ ಎಣ್ಣೆ ಬಿಸಿ ಮಾಡಿಕೊಂಡು, “ಮೀನಖಂಡ ಹಿಡದದ, ಗಸಗಸ ತಿಕ್ಕಿದ್ರ ಈಗ ಇಳೀತದ” ಎನ್ನುತ್ತ ಬಂದೇಬಿಟ್ಟರು.

“ಅಜ್ಜಿ, ತಿಕ್ಕಬೇಡಿ!” ಅಪೂರ್ವ ಕಿರುಚಿದ ಕಿರುಚಿಗೆ ಸೌಟು ನೆಲಕ್ಕೆ ಬಿತ್ತು. “ಒಳಗೆ ರಕ್ತ ಹೆಪ್ಪುಗಟ್ಟಿರ್ಬಹುದು. ತಿಕ್ಕಿದ್ರೆ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗುತ್ತೆ. ಆಗ್ಲೇ ಒಂದ್ ಚೂರು ಹೋಗಿದ್ಯೋ ಏನೋ. ಯಾರೂ ಕಾಲು ತಿಕ್ಕಬೇಡಿ, ಇವರನ್ನ ನಡೆಸಲೂಬೇಡಿ. ನಾನೀಗ ಮುಟ್ಟಿ ನೋಡ್ಲೇಬೇಕು.”

ತುಪ್ಪದ ಮಿಳ್ಳಿ ಹಿಡಿದು ಶೇಷಗಿರಿರಾಯರು ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲರೂ ಅವರ ಮುಖ ನೋಡಿದರು, ಬಾಯಿಯೂ ನೋಡಿದರು. ಆ ಮುಖ ಸುಣ್ಣದಂತಾಗಿತ್ತು.

“ಮುಟ್ಟವಾ” ಎಂದರು ರಾಯರು. “ಎಲ್ಲಿ ಬೇಕಲ್ಲಿ ಮುಟ್ಟು. ಲಗೂನ ಮುಟ್ಟು.”

ಅಪೂರ್ವ ಲಾಡಿಯನ್ನು ಬಿಚ್ಚಲು ನೋಡಿದಳು, ಗಂಟು ಬಿಗಿದಿತ್ತು. ಹೀರೇಕಾಯಿ ಹೆಚ್ಚುವ ಚಾಕುವಿನಿಂದ ಕತ್ತರಿಸಿದಳು. ಲಾಡಿಯಿದ್ದ ಜಾಗದಲ್ಲಿ ಬೆರಳು ಹೂತುಹೋಗುವಷ್ಟು ಆಳದ, ಬಳೆಯಂಥ ಗೆರೆ ಬಿದ್ದಿತ್ತು. ಕೃಷ್ಣಪ್ರಸಾದ ತರಕಾರಿ ತಂದ ಟೆಂಪೋವನ್ನೇ ಮೆಟ್ಟಿಲಿಗೆ ತಂದು ನಿಲ್ಲಿಸಿದ. ನಾಲ್ಕು ಮಂದಿ ಬಾಯಿಯವರನ್ನು ಕುರ್ಚಿಯೊಂದಕ್ಕೆ ಕೂರಿಸಿ, ಕುರ್ಚಿಯ ಸಮೇತ ಎತ್ತಿ, ಉಳಿದಿದ್ದ ಕುಂಬಳಕಾಯಿಗಳ ನಡುವೆ ಇಟ್ಟರು. ಟೆಂಪೋ ಹೊರಡುವಾಗಲೂ ಬಾಯಿ ಕೈ ಆಡಿಸುತ್ತಿದ್ದರು: “ಎರಡನೇ ಸಾರಿಗೆ... ಉಪ್ಪು... ಬಿದ್ದಿಲ್ಲಾ!”

ಆಸ್ಪತ್ರೆಯಲ್ಲಿ ಮೂಗಿಗೆ ಗಾಳಿ ಬಂತು, ಹೊಟ್ಟೆಗೆ ಸೂಜಿ ಬಂತು, ಕಾಲಿನ ಮೇಲೆ ತಣ್ಣನೆಯ ಲೇಪ ಹಚ್ಚಿ ಯಂತ್ರ ಓಡಿಸಿದರು, ಎದೆಯನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ತೂರಿಸಿ ಚಿತ್ರ ತೆಗೆದರು. ಸಂಜೆಗೆ ಪರದೆಯ ಆಚೆ ದೊಡ್ಡ ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಬಾಯಿಗೆ ಕೇಳಿಸಿತು. ಎರಡು ಚೂರು ಪುಪ್ಪುಸಕ್ಕೆ ಹೋಗಿವೆ. ದೊಡ್ಡದು ಇನ್ನೂ ತೊಡೆಯಲ್ಲೇ ಕೂತಿದೆ. ರಕ್ತ ಇನ್ನಷ್ಟು ಹೆಪ್ಪುಗಟ್ಟದಂತೆ ಔಷಧ ನಡೆದಿದೆ. ಇನ್ನು ಎರಡು ದಿನ ಕಳೆಯಬೇಕು.

ಆಮೇಲೆ ರಾಯರ ದನಿ. ಮೂವತ್ತೆರಡು ವರ್ಷ ಕೇಳಿದ ದನಿ, ಆದರೆ ಇಷ್ಟು ಸಣ್ಣಗೆ ಎಂದೂ ಕೇಳಿರಲಿಲ್ಲ.

“ಆಕಿ ಉಳೀತಾಳಲ್ಲವಾ ಅಪೂರ್ವಾ? ಆ ರಬ್ಬರ್ ಚೀಲ ಬ್ಯಾಡ ಅಂದಾಂವ ನಾನು. ನಾನs ಬ್ಯಾಡ ಅಂದೆ.”

ಅಪೂರ್ವ ಏನೆಂದಳೋ ಕೇಳಿಸಲಿಲ್ಲ. ಬಾಯಿಗೆ ಆಗ ಹೆದರಿಕೆಯಾಯಿತು. ಅಲ್ಲಿಯವರೆಗೆ ಎಲ್ಲವೂ ಒಂದು ಗದ್ದಲದಂತೆ, ಊರಿಗೆ ಹೋಗಿ ಹೇಳಬೇಕಾದ ಕಥೆಯಂತೆ ಇತ್ತು. ಈಗ, ಹೇಳಲು ತಾವೇ ಇಲ್ಲದಿದ್ದರೆ ಎಂದು ಹೊಳೆಯಿತು. ಈ ಮನುಷ್ಯನಿಗೆ ಅನ್ನಕ್ಕೆ ಎಸರಿಡಲೂ ಬರುವುದಿಲ್ಲ. ಸಾಯಲು ಸ್ವಲ್ಪವೂ ಇಷ್ಟವಿಲ್ಲವೆಂದು ಸುಲೋಚನಾಬಾಯಿ ಹೊದಿಕೆಯ ಅಂಚು ಕಚ್ಚಿಕೊಂಡು ಅತ್ತರು, ಶಬ್ದವಾಗದಂತೆ.

ಎರಡು ದಿನ ಕಳೆದವು. ಮೂರನೆಯ ದಿನ ಉಸಿರು ಒಂದು ಪೂರ್ತಿ ವಾಕ್ಯಕ್ಕೆ ಸಾಲುವಷ್ಟಾಯಿತು. ನಾಲ್ಕನೆಯ ದಿನ ಕೃಷ್ಣಪ್ರಸಾದ ಆರಾಧನೆಯ ವರದಿ ಒಪ್ಪಿಸಲು ಬಂದ.

“ಎರಡನೇ ಪಂಕ್ತಿ ಏನಾತೋ?” ಎಂಬುದೇ ಬಾಯಿಯವರ ಮೊದಲ ಪ್ರಶ್ನೆ.

“ಆತ್ರೀ ಅಕ್ಕಾರ. ಆದ್ರ ನೀವು ಉಪ್ಪು ಬಿದ್ದಿಲ್ಲ ಅಂದದ್ದು ಮೂರು ಮಂದಿಗೆ ಕೇಳಿಸ್ತು. ಮೂರೂ ಮಂದಿ ಹಾಕಿದ್ರು. ಸಾರು ಉಂಡವರು ಇನ್ನೂ ನೀರು ಕುಡೀಲಿಕ್ಕತ್ತಾರ.”

ಬಾಯಿ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿನಿಂದ ಪಕ್ಕೆ ಹಿಡಿಯಿತು, ಪಕ್ಕೆ ಹಿಡಿದದ್ದಕ್ಕೆ ಮತ್ತೆ ನಗು ಬಂತು. ನರ್ಸಮ್ಮ ಓಡಿಬಂದು ಕೃಷ್ಣಪ್ರಸಾದನನ್ನು ತೆಲುಗಿನಲ್ಲಿ ಝಾಡಿಸಿ ಹೊರಗೆ ಹಾಕಿದಳು. ಅಷ್ಟು ಹೊತ್ತಿಗೆ ಆ ವಾರ್ಡಿನ ಹತ್ತೂ ಹಾಸಿಗೆಗಳಿಗೆ ಹಯಗ್ರೀವ ಮಾಡುವ ಬಗೆ ಗೊತ್ತಾಗಿತ್ತು. ನರ್ಸಮ್ಮನಂತೂ ಬೆಲ್ಲದ ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ಮನೆಗೆ ಹೋಗಲು ಅಪ್ಪಣೆ ಸಿಕ್ಕಿತು. ಅಪೂರ್ವ ಕಟ್ಟಳೆಗಳನ್ನೆಲ್ಲ ಒಪ್ಪಿಸಿದಳು. ರಕ್ತ ಹೆಪ್ಪುಗಟ್ಟದ ಮಾತ್ರೆ ಆರು ತಿಂಗಳು, ತಪ್ಪಿಸುವಂತಿಲ್ಲ. ಹೇಳಿದ ದಿನಕ್ಕೆ ರಕ್ತ ಪರೀಕ್ಷೆ. ಸೊಪ್ಪು ಒಂದು ದಿನ ಕಂತೆಗಟ್ಟಲೆ, ಇನ್ನೊಂದು ದಿನ ಇಲ್ಲವೇ ಇಲ್ಲ ಎಂದಾಗಬಾರದು, ದಿನಾ ಒಂದೇ ಅಳತೆಯಿರಬೇಕು, ಇಲ್ಲದಿದ್ದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಪ್ರಯಾಣದಲ್ಲಿ ತಾಸಿಗೊಮ್ಮೆ ಏಳಬೇಕು, ನೀರು ಕುಡಿಯಬೇಕು. ಕೊನೆಗೆ ಚೀಲದಿಂದ ಮೈಬಣ್ಣದ ಹೊಸ ಕಾಲುಚೀಲವನ್ನೂ ಅದರ ಜೊತೆಗೆ ಪಾತ್ರೆ ತೊಳೆಯುವವರು ಹಾಕುವಂಥ ಹಳದಿ ರಬ್ಬರ್ ಕೈಗವಸನ್ನೂ ತೆಗೆದಳು.

“ಇದು ಕಾಲಿನ ಅಳತೆ ತೆಗೆದು ತರಿಸಿದ್ದು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡೋದಕ್ಕೆ ಮುಂಚೆನೇ ಹಾಕ್ಬೇಕು, ಆಗ ಕಾಲು ಬಾತಿರಲ್ಲ. ಎಳೆಯೋದಕ್ಕೆ ಬಲ ಬೇಕು, ಕೈಗವಸು ಹಾಕ್ಕೊಂಡ್ರೆ ಹಿಡಿತ ಸಿಗುತ್ತೆ. ಆಂಟಿಗೆ ಸದ್ಯಕ್ಕೆ ಬಗ್ಗಕ್ಕಾಗಲ್ಲ. ಮನೇಲಿ ಯಾರು ಹಾಕ್ತೀರಾ?”

ಮನೆಯಲ್ಲಿ ಯಾರಿದ್ದಾರೆ?

“ಕನಕದುರ್ಗಗ ಹೇಳ್ತೇನಿ” ಎಂದು ಬಾಯಿ ಅವಸರದಿಂದ ಹೇಳಿದರು. “ಆಕಿ ದಿನಾ ಬಂದು...”

“ನಸಿಕಿನ್ಯಾಗ ಐದಕ್ಕ ಆಕಿ ಬರ್ತಾಳ? ನಾ ಇದ್ದೇನಲ್ಲ” ಎಂದರು ರಾಯರು.

ಅವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು. ಅಂಗಿಯ ತೋಳು ಮಡಿಸಿದರು. ಹಳದಿ ಕೈಗವಸು ಏರಿಸಿಕೊಂಡು, ಹೆಬ್ಬೆರಳನ್ನು ಕಿರುಬೆರಳಿನ ಜಾಗದಲ್ಲಿ ತೂರಿಸಿ, ತೆಗೆದು, ಮತ್ತೆ ಹಾಕಿ, ಹಾಸಿಗೆಯ ಕೊನೆಗೆ ಸ್ಟೂಲ್ ಎಳೆದುಕೊಂಡು ಕೂತರು. ಬಾಯಿಯವರ ಪಾದಗಳ ಎದುರಿಗೆ.

ಸುಲೋಚನಾಬಾಯಿ ಎರಡೂ ಕಾಲನ್ನು ಸರಕ್ಕನೆ ಹೊದಿಕೆಯೊಳಗೆ ಎಳೆದುಕೊಂಡರು. “ಏನ್ರೀ ಇದು! ಗಂಡ ಹೆಂಡತಿ ಕಾಲು ಮುಟ್ಟೂದಂದ್ರ! ಪಾಪ ಬರತದ್ರೀ. ಬ್ಯಾಡ್ರೀ, ಮಂದಿ ನೋಡ್ಲಿಕ್ಕತ್ತಾರ.”

ಮಂದಿ ನೋಡುತ್ತಿದ್ದರು. ಹತ್ತೂ ಹಾಸಿಗೆಗಳಲ್ಲಿ ಎದ್ದು ಕೂತು ನೋಡುತ್ತಿದ್ದರು.

“ಮೊದಲ ಮುಟ್ಟೇ ಇಲ್ಲೇನು?” ಎಂದರು ರಾಯರು. “ಸಪ್ತಪದಿ ದಿನ ನಿನ್ನ ಹೆಬ್ಬೆರಳು ಹಿಡದು ಅಕ್ಕಿ ಗುಂಪಿ ಮ್ಯಾಲ ಏಳು ಸಲ ಇಡಿಸಿದಾಂವ ಯಾರು? ಅವತ್ತ ಪಾಪ ಬಂತೇನು?”

ಹೊದಿಕೆಯ ಕೆಳಗಿನಿಂದ ಎಡಪಾದ ಮೆಲ್ಲಗೆ ಹೊರಗೆ ಬಂತು.

ರಾಯರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲ ಮೇಲೆ ಇಟ್ಟುಕೊಂಡರು. ಚೀಲದ ಬಾಯಿ ಹಿಗ್ಗಿಸಿ ಬೆರಳು ತೂರಿಸಿದರು. ಎಳೆದರು. ಹಲ್ಲು ಕಚ್ಚಿ ಎಳೆದರು. ಹಿಮ್ಮಡಿಗೆ ಬರಬೇಕಾದ ಭಾಗ ಪಾದದ ಮೇಲುಗಡೆ ಬಂತು, ಕಾಲುಚೀಲದಲ್ಲೊಂದು ಹಿಮ್ಮಡಿ ಆಕಾಶ ನೋಡುತ್ತ ನಿಂತಿತು. ಅಪೂರ್ವ ನಕ್ಕಳು, ನರ್ಸಮ್ಮ ನಕ್ಕಳು, ಹತ್ತೂ ಹಾಸಿಗೆ ನಕ್ಕವು. ಬಾಯಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು, ಕಣ್ಣಿಂದ ಮಾತ್ರ ನೀರು ನಿಲ್ಲದೆ ಸುರಿಯುತ್ತಿತ್ತು.

“ತಪ್ಪು ಹಾಕೀರಿ” ಎಂದರು ಬಿಕ್ಕುತ್ತ.

ರಾಯರು ಬೆವರು ಒರೆಸಿಕೊಂಡರು. ಪಾದವನ್ನು ಕೆಳಗಿಡಲಿಲ್ಲ.

“ಇವತ್ತ ಮೊದಲನೇ ದಿನ” ಎಂದರು. “ನಾಳೆ ಇದಕ್ಕಿಂತ ಛಲೋ ಹಾಕ್ತೇನಿ. ನಾಡದು ಅದಕ್ಕಿಂತ ಛಲೋ. ನೀ ಕಾಲು ಎಳಕೊಳ್ಳಬ್ಯಾಡ ಅಷ್ಟs.”